ಕ್ರೀಮಿನ ಡಬ್ಬಿಯ ಹಿಂಬದಿ: ಪದಾರ್ಥಗಳ ಪಟ್ಟಿಯನ್ನು ಹೋಲಿಸಿ ಕೊಳ್ಳುವ ಕ್ರಮ

ಮಲ್ಲೇಶ್ವರದ ಫ್ಯಾನ್ಸಿ ಸ್ಟೋರಿನಲ್ಲಾಗಲಿ, ಜಯನಗರ ನಾಲ್ಕನೇ ಬ್ಲಾಕಿನ ಮೆಡಿಕಲ್ ಶಾಪಿನಲ್ಲಾಗಲಿ, ಮನೆಯಲ್ಲೇ ಕುಳಿತು ನೋಡುವ ಫೋನಿನ ಆ್ಯಪ್‌ನಲ್ಲಾಗಲಿ, ಮುಖಕ್ಕೆ ಹಚ್ಚುವ ಒಂದು ಸಾಧಾರಣ ಕ್ರೀಮ್ ಕೇಳಿದರೂ ಹತ್ತಾರು ಬಗೆಗಳು ಎದುರಿಗೆ ಬರುತ್ತವೆ. ಡಬ್ಬಿಯ ಮುಂಬದಿಯಲ್ಲಿ ದೊಡ್ಡ ಅಕ್ಷರದಲ್ಲಿರುವುದು ತಯಾರಕರು ತಮಗೆ ಬೇಕಾದದ್ದನ್ನು ಎತ್ತಿ ಹೇಳಿಕೊಂಡ ಮಾತು. ಹಿಂಬದಿಯಲ್ಲಿ ಭೂತಗನ್ನಡಿ ಬೇಡುವಷ್ಟು ಸಣ್ಣದಾಗಿರುವುದು ಕಾನೂನು ಅವರಿಂದ ಹೇಳಿಸಿದ ಮಾತು. ಎರಡು ಉತ್ಪನ್ನಗಳನ್ನು ಹೋಲಿಸುವವರು ಹೋಲಿಸಬೇಕಾದದ್ದು ಈ ಎರಡನೆಯದನ್ನು. ಅದಕ್ಕೆ ರಸಾಯನಶಾಸ್ತ್ರ ಓದಿರಬೇಕೆಂದೇನಿಲ್ಲ. ಪಟ್ಟಿಯನ್ನು ಯಾವ ನಿಯಮದಂತೆ ಬರೆಯುತ್ತಾರೆ, ಅದನ್ನು ಎಲ್ಲಿಯವರೆಗೆ ನಂಬಬಹುದು, ಎಲ್ಲಿಂದಾಚೆಗೆ ಅದು ಪ್ರಮಾಣದ ಬಗ್ಗೆ ಏನನ್ನೂ ಹೇಳುವುದಿಲ್ಲ ಎಂಬುದು ತಿಳಿದಿದ್ದರೆ ಸಾಕು.

ಯಾವ ಕೆಲಸಕ್ಕೆ ಎಂಬುದು ಮೊದಲು

ಹೋಲಿಕೆ ನಡೆಯಬೇಕಾದದ್ದು ಒಂದೇ ಕೆಲಸಕ್ಕೆ ಬರುವ ಉತ್ಪನ್ನಗಳ ನಡುವೆ. ಒಂದೆರಡು ಪದಾರ್ಥಗಳಿಗೆಂದೇ ಹಚ್ಚುವ ತೆಳು ದ್ರವವಾದ ಸೀರಮ್ಮನ್ನು ತೇವ ಉಳಿಸುವ ಮಾಯಿಶ್ಚರೈಸರ್ ಜೊತೆಗಿಟ್ಟು ನೋಡಿದರೆ, ತೊಳೆದು ಹೋಗುವ ಫೇಸ್‌ವಾಶನ್ನು ರಾತ್ರಿಯಿಡೀ ಮುಖದ ಮೇಲಿರುವ ಕ್ರೀಮಿನ ಜೊತೆಗಿಟ್ಟು ನೋಡಿದರೆ ಪಟ್ಟಿಗಳೆರಡೂ ಸರಿಯಾಗಿದ್ದರೂ ತೀರ್ಮಾನ ತಪ್ಪುತ್ತದೆ. ಆದ್ದರಿಂದ ಅಂಗಡಿಗೆ ಹೋಗುವ ಮೊದಲೇ ಚರ್ಮಕ್ಕೆ ಬೇಕಾದದ್ದೇನು ಎಂಬುದನ್ನು ಒಂದು ವಾಕ್ಯದಲ್ಲಿ ಹೇಳಿಕೊಳ್ಳುವಂತಿರಬೇಕು: ಒಣಗಿ ಬಿಳುಚುವುದು ನಿಲ್ಲಬೇಕು, ಮೊಡವೆ ಕಡಿಮೆಯಾಗಬೇಕು, ಮೊಡವೆಯ ಕಲೆ ತಿಳಿಯಾಗಬೇಕು, ಬಿಸಿಲಿನಿಂದ ರಕ್ಷಣೆ ಬೇಕು, ಹೀಗೆ.

ಬೆಂಗಳೂರಿನಲ್ಲಿ ಇದಕ್ಕೆ ಕಾಲವೂ ನೀರೂ ಸೇರಿಕೊಳ್ಳುತ್ತವೆ. ಜನವರಿಯಿಂದ ಮಾರ್ಚಿಯವರೆಗೆ ಗಾಳಿಯಲ್ಲಿ ತೇವ ಕಡಿಮೆಯಾಗಿ ಕೈಕಾಲು ಬಿರಿಯುವ ದಿನಗಳಲ್ಲಿ ಒಗ್ಗುವ ದಪ್ಪ ಕ್ರೀಮು ಜುಲೈ ತಿಂಗಳ ಜಡಿಮಳೆಯಲ್ಲಿ ಜಿಡ್ಡೆನಿಸಬಹುದು. ಕಾವೇರಿ ನೀರಿನ ಮನೆಯಿಂದ ಕೊಳವೆಬಾವಿ ಅಥವಾ ಟ್ಯಾಂಕರ್ ನೀರಿನ ಅಪಾರ್ಟ್‌ಮೆಂಟಿಗೆ ಬಂದ ಮೇಲೆ ಚರ್ಮ ಒರಟಾಯಿತೆಂದು ದೂರುವವರು ಸಾಮಾನ್ಯವಾಗಿ ಕ್ರೀಮನ್ನು ಬದಲಿಸುತ್ತಾರೆ. ಆದರೆ ಗಡಸು ನೀರಿನಲ್ಲಿರುವ ಕ್ಯಾಲ್ಸಿಯಂ, ಮೆಗ್ನೀಸಿಯಂ ಲವಣಗಳು ಸಾಬೂನಿನೊಂದಿಗೆ ಸೇರಿ ಕರಗದ ಕಿಟ್ಟವಾಗಿ ಚರ್ಮದ ಮೇಲೆ ಉಳಿಯುವುದರಿಂದ, ಅಲ್ಲಿ ಮೊದಲು ಬದಲಾಗಬೇಕಾದದ್ದು ಸಾಬೂನು. ಹೀಗಾಗಿ ಹೋಲಿಸಬೇಕಾದ ಡಬ್ಬಿಗಳೇ ಬೇರೆಯಾಗುತ್ತವೆ.

ಪಟ್ಟಿಗಿಂತ ಮುಂಚೆ ನೋಡಬೇಕಾದ ಅಂಕಿಗಳು

ಭಾರತದಲ್ಲಿ ಪ್ರಸಾಧನಗಳ (ಕಾಸ್ಮೆಟಿಕ್ಸ್) ಲೇಬಲ್ ಹೇಗಿರಬೇಕೆಂಬುದನ್ನು 2020ರ ಪ್ರಸಾಧನ ನಿಯಮಗಳು ಹೇಳುತ್ತವೆ. ತಯಾರಕರ ಹೆಸರು ಮತ್ತು ವಿಳಾಸ, ಪರವಾನಗಿ ಸಂಖ್ಯೆ, ಬ್ಯಾಚ್ ಸಂಖ್ಯೆ, ಎಂದಿನೊಳಗೆ ಬಳಸಬೇಕೆಂಬ ದಿನಾಂಕ ಇವೆಲ್ಲ ಇರಲೇಬೇಕು. ಹೊರದೇಶದ ಸರಕಾದರೆ ಆಮದುದಾರರ ಹೆಸರು ಮತ್ತು ವಿಳಾಸ, ನೋಂದಣಿ ಪ್ರಮಾಣಪತ್ರದ ಸಂಖ್ಯೆ ಕಾಣಿಸಬೇಕು. ಕಮರ್ಷಿಯಲ್ ಸ್ಟ್ರೀಟಿನಲ್ಲೋ ಚಿಕ್ಕಪೇಟೆಯ ಸಗಟು ಅಂಗಡಿಯಲ್ಲೋ ಅರ್ಧ ಬೆಲೆಗೆ ಸಿಗುವ ವಿದೇಶಿ ಸೀರಮ್ಮಿನ ಮೇಲೆ ಆ ಚೀಟಿ ಇಲ್ಲದಿದ್ದರೆ ಹೋಲಿಕೆ ಅಲ್ಲಿಗೇ ನಿಲ್ಲಬೇಕು; ಏಕೆಂದರೆ ಪಟ್ಟಿಯಲ್ಲಿ ಬರೆದದ್ದೇ ಒಳಗಿದೆ ಎಂಬುದಕ್ಕೆ ಹೊಣೆಗಾರರು ಯಾರೂ ಇರುವುದಿಲ್ಲ.

ಇದೇ ನಿಯಮಗಳಲ್ಲಿ ಒಂದು ಕಿಂಡಿಯೂ ಇದೆ. 60 ಮಿಲಿಲೀಟರಿಗಿಂತ ಕಡಿಮೆಯ ದ್ರವಕ್ಕೂ 30 ಗ್ರಾಂಗಿಂತ ಕಡಿಮೆಯ ಗಟ್ಟಿ ಅಥವಾ ಅರೆಗಟ್ಟಿ ಸರಕಿಗೂ ಪದಾರ್ಥಗಳ ಪಟ್ಟಿ ಕಡ್ಡಾಯವಲ್ಲ. ಇಂದಿನ ಸೀರಮ್‌ಗಳಲ್ಲಿ ಬಹುಪಾಲು 30 ಮಿಲಿಲೀಟರಿನವೇ ಎಂಬುದನ್ನು ನೆನೆದರೆ ಈ ವಿನಾಯಿತಿ ಎಷ್ಟು ದೊಡ್ಡದೆಂದು ತಿಳಿಯುತ್ತದೆ. ಹೊರಗಿನ ರಟ್ಟಿನ ಪೆಟ್ಟಿಗೆಯ ಮೇಲಾಗಲಿ ಕಂಪನಿಯ ಜಾಲತಾಣದಲ್ಲಾಗಲಿ ಪೂರ್ಣ ಪಟ್ಟಿ ಸಿಗದ ಸೀರಮ್ಮನ್ನು ಬಿಟ್ಟುಬಿಡುವುದೇ ಲೇಸು.

ಬೆಲೆಯನ್ನು ಡಬ್ಬಿಯ ಲೆಕ್ಕದಲ್ಲಿ ನೋಡದೆ ಗ್ರಾಂ ಅಥವಾ ಮಿಲಿಲೀಟರಿನ ಲೆಕ್ಕದಲ್ಲಿ ನೋಡಬೇಕು. ಈಚೆಗೆ ಎಂಆರ್‌ಪಿಯ ಪಕ್ಕದಲ್ಲೇ ಯುಎಸ್‌ಪಿ (ಯೂನಿಟ್ ಸೇಲ್ ಪ್ರೈಸ್) ಎಂಬ ಮೂರಕ್ಷರದ ಮುಂದೆ ಈ ಲೆಕ್ಕವನ್ನು ಅಚ್ಚು ಹಾಕಿರುತ್ತಾರೆ.

ಕ್ರಮ ಎಲ್ಲಿಯವರೆಗೆ ಮಾತಾಡುತ್ತದೆ

ಪಟ್ಟಿಯ ನಿಯಮ ಸರಳವಾಗಿದೆ. ಶೇ 1ಕ್ಕಿಂತ ಹೆಚ್ಚಿರುವ ಪದಾರ್ಥಗಳನ್ನು ಪ್ರಮಾಣದ ಇಳಿಕೆಯ ಕ್ರಮದಲ್ಲಿ ಬರೆಯಬೇಕು. ಶೇ 1 ಅಥವಾ ಅದಕ್ಕಿಂತ ಕಡಿಮೆ ಇರುವವುಗಳನ್ನು ಅವುಗಳ ನಂತರ ಯಾವ ಕ್ರಮದಲ್ಲಾದರೂ ಬರೆಯಬಹುದು. ಅಂದರೆ ಪಟ್ಟಿಗೆ ಕಣ್ಣಿಗೆ ಕಾಣದ ಒಂದು ಗೆರೆ ಇದೆ. ಗೆರೆಯ ಮೇಲೆ ಸ್ಥಾನಕ್ಕೆ ಬೆಲೆ ಇದೆ, ಕೆಳಗೆ ಇಲ್ಲ. ಗೆರೆಯ ಕೆಳಗಿನ ಕೇಸರಿಯ ಸಾರ ಶೇ 0.01 ಇದ್ದರೂ ಅದನ್ನು ಆ ಗುಂಪಿನ ತಲೆಯಲ್ಲಿ ಬರೆದು ಚೆಂದ ಕಾಣಿಸಲು ತಯಾರಕರಿಗೆ ಅವಕಾಶವಿದೆ, ಮತ್ತು ಆ ಅವಕಾಶವನ್ನು ಅವರು ಧಾರಾಳವಾಗಿ ಬಳಸಿಕೊಳ್ಳುತ್ತಾರೆ.

ಗೆರೆ ಎಲ್ಲಿದೆ ಎಂಬುದನ್ನು ಊಹಿಸಲು ಒಂದು ಉಪಾಯವಿದೆ. ಫೀನಾಕ್ಸಿಎಥನಾಲ್ ಎಂಬ ಸಂರಕ್ಷಕವನ್ನು ಶೇ 1ಕ್ಕಿಂತ ಹೆಚ್ಚು ಬಳಸುವಂತಿಲ್ಲ. ಆದ್ದರಿಂದ ಅದರ ನಂತರ ಬಂದ ಯಾವುದೂ ಶೇ 1ನ್ನು ಮೀರಿರುವುದಿಲ್ಲ. ಅದಕ್ಕಿಂತ ಮುಂಚೆಯೇ ಗೆರೆ ದಾಟಿರುವ ಸಾಧ್ಯತೆಯೂ ಉಂಟು: ಜೆಲ್ಲಿನಂತೆ ಗಟ್ಟಿಮಾಡುವ ಕಾರ್ಬೊಮರ್, ಜಾಂಥನ್ ಗಮ್, ಲೋಹದ ಕಣಗಳನ್ನು ಹಿಡಿದಿಡುವ ಡೈಸೋಡಿಯಂ ಇಡಿಟಿಎ ಇವು ಸಾಮಾನ್ಯವಾಗಿ ಅಲ್ಪ ಪ್ರಮಾಣದವು. ಇವುಗಳಲ್ಲಿ ಮೊದಲು ಕಂಡ ಹೆಸರಿನ ಬಳಿ ಪೆನ್ಸಿಲ್ಲಿನಿಂದ ಗೆರೆ ಎಳೆದರೆ ಪಟ್ಟಿಯ ಅರ್ಧ ಓದು ಮುಗಿದಂತೆ.

ಆದರೆ ಗೆರೆಯ ಕೆಳಗಿರುವುದೆಲ್ಲ ಬರೀ ಅಲಂಕಾರ ಎಂದು ತೀರ್ಮಾನಿಸುವುದೂ ಅವಸರವೇ. ವಿಟಮಿನ್ ಎಯ ಒಂದು ರೂಪವಾದ ರೆಟಿನಾಲ್ ಶೇ 0.1ರಿಂದ 0.3ರಷ್ಟಿದ್ದರೂ ಕೆಲಸ ಮಾಡುತ್ತದೆ, ಸೋಡಿಯಂ ಹೈಯಲುರೊನೇಟ್ (ಹೈಯಲುರೊನಿಕ್ ಆ್ಯಸಿಡ್ಡಿನ ಲವಣರೂಪ) ಶೇ 1ನ್ನು ತಲುಪುವುದೇ ಅಪರೂಪ, ಚರ್ಮದಲ್ಲಿ ಸಹಜವಾಗಿಯೇ ಇರುವ ಕೊಬ್ಬಿನ ಬಗೆಯಾದ ಸೆರಮೈಡ್‌ಗಳೂ ಹಾಗೆಯೇ. ಗ್ಲಿಸರಿನ್, ಯೂರಿಯಾ, ನಯಾಸಿನಮೈಡ್ (ವಿಟಮಿನ್ ಬಿ3ರ ಒಂದು ರೂಪ) ಇವುಗಳ ವಿಷಯ ಬೇರೆ. ಅವು ಗೆರೆಯ ಕೆಳಗೆ ಸಿಕ್ಕರೆ ಮುಂಬದಿಯ ದೊಡ್ಡಕ್ಷರವನ್ನು ಮರೆತುಬಿಡಬಹುದು. ಬಿರಿದ ಹಿಮ್ಮಡಿಗೆಂದು ಕೊಳ್ಳುವ ಕ್ರೀಮಿನಲ್ಲಿ ಯೂರಿಯಾ ಶೇ 10 ಅಥವಾ ಹೆಚ್ಚಿರಬೇಕು, ಆಗ ಅದರ ಹೆಸರು ಪಟ್ಟಿಯ ಮೊದಲ ಕೆಲವು ಸ್ಥಾನಗಳಲ್ಲೇ ಬಂದಿರಬೇಕು.

ಎರಡು ಮಾಯಿಶ್ಚರೈಸರ್‌ಗಳನ್ನು ಎದುರುಬದುರು ಇಟ್ಟಾಗ

ಮಾಯಿಶ್ಚರೈಸರಿನ ಪದಾರ್ಥಗಳು ಮೂರು ಕೆಲಸಗಳಲ್ಲಿ ಹಂಚಿಹೋಗುತ್ತವೆ. ಗ್ಲಿಸರಿನ್, ಬ್ಯುಟಿಲೀನ್ ಗ್ಲೈಕಾಲ್, ಸೋಡಿಯಂ ಪಿಸಿಎ, ಯೂರಿಯಾ ಇವು ನೀರನ್ನು ಹಿಡಿದಿಡುತ್ತವೆ. ಸೀಟರೈಲ್ ಆಲ್ಕೊಹಾಲ್, ಕ್ಯಾಪ್ರಿಲಿಕ್ ಕ್ಯಾಪ್ರಿಕ್ ಟ್ರೈಗ್ಲಿಸರೈಡ್, ಸಸ್ಯದ ಎಣ್ಣೆ ಮತ್ತು ಬೆಣ್ಣೆಗಳು ಚರ್ಮದ ಬಿರುಕುಗಳನ್ನು ತುಂಬಿ ನುಣುಪು ಕೊಡುತ್ತವೆ. ಪೆಟ್ರೊಲೇಟಮ್, ಮಿನರಲ್ ಆಯಿಲ್, ಡೈಮೆಥಿಕೋನ್ ಮೇಲೊಂದು ಪದರವಾಗಿ ನಿಂತು ಒಳಗಿನ ನೀರು ಆರಿಹೋಗದಂತೆ ತಡೆಯುತ್ತವೆ. ಹೆಸರಿನಲ್ಲಿ ಆಲ್ಕೊಹಾಲ್ ಇದೆಯೆಂದು ಸೀಟರೈಲ್ ಆಲ್ಕೊಹಾಲಿಗೆ ಹೆದರಬೇಕಾಗಿಲ್ಲ, ಅದು ಮೇಣದಂಥ ಕೊಬ್ಬು. ಒಣಗಿಸುವುದು ಆಲ್ಕೊಹಾಲ್ ಡಿನ್ಯಾಟ್ ಎಂದು ಬರೆದಿರುವ ಸ್ಪಿರಿಟ್ಟು.

ಈಗ ಎರಡು ಡಬ್ಬಿಗಳನ್ನು ಕಲ್ಪಿಸಿಕೊಳ್ಳೋಣ. ಮೊದಲನೆಯದು 50 ಗ್ರಾಂ, 499 ರೂಪಾಯಿ. ಮುಂಬದಿಯಲ್ಲಿ ಕೇಸರಿ, ಸೆರಮೈಡ್, ಹೈಯಲುರೊನಿಕ್ ಆ್ಯಸಿಡ್ ಎಂದಿದೆ. ಹಿಂಬದಿಯ ಕ್ರಮ: ನೀರು, ಗ್ಲಿಸರಿನ್, ಸೀಟರೈಲ್ ಆಲ್ಕೊಹಾಲ್, ಐಸೊಪ್ರೊಪೈಲ್ ಮಿರಿಸ್ಟೇಟ್, ಫೀನಾಕ್ಸಿಎಥನಾಲ್, ಕೇಸರಿಯ ಸಾರ, ಸೆರಮೈಡ್ ಎನ್‌ಪಿ, ಸೋಡಿಯಂ ಹೈಯಲುರೊನೇಟ್, ಪರ್ಫ್ಯೂಮ್, ಲಿನಲೂಲ್, ಲಿಮೊನೀನ್. ಎರಡನೆಯದು 200 ಗ್ರಾಂ, 380 ರೂಪಾಯಿ. ಮುಂಬದಿಯಲ್ಲಿ ಹೇಳಿಕೊಳ್ಳುವಂಥದ್ದೇನೂ ಇಲ್ಲ. ಕ್ರಮ: ನೀರು, ಗ್ಲಿಸರಿನ್, ಪೆಟ್ರೊಲೇಟಮ್, ಸೀಟರೈಲ್ ಆಲ್ಕೊಹಾಲ್, ಡೈಮೆಥಿಕೋನ್, ನಯಾಸಿನಮೈಡ್, ಫೀನಾಕ್ಸಿಎಥನಾಲ್, ಕಾರ್ಬೊಮರ್.

ಮೊದಲನೆಯದರಲ್ಲಿ ಮುಂಬದಿ ಕೂಗಿ ಹೇಳಿದ ಮೂರೂ ಹೆಸರುಗಳು ಫೀನಾಕ್ಸಿಎಥನಾಲಿನ ಕೆಳಗಿವೆ. ನೀರನ್ನು ಆರದಂತೆ ತಡೆಯುವ ಪದಾರ್ಥವೇ ಇಲ್ಲ. ಇರುವ ಐಸೊಪ್ರೊಪೈಲ್ ಮಿರಿಸ್ಟೇಟ್ ಮೊಡವೆಯ ಚರ್ಮದವರು ಅನುಮಾನದಿಂದ ನೋಡಬೇಕಾದ ಹೆಸರು. ಎರಡನೆಯದರಲ್ಲಿ ಮೂರೂ ಕೆಲಸಗಳಿಗೆ ಪದಾರ್ಥಗಳಿವೆ, ಸುಗಂಧವಿಲ್ಲ. ಬೆಲೆ ಮೊದಲನೆಯದಕ್ಕೆ ಗ್ರಾಂಗೆ 9 ರೂಪಾಯಿ 98 ಪೈಸೆ, ಎರಡನೆಯದಕ್ಕೆ 1 ರೂಪಾಯಿ 90 ಪೈಸೆ. ಒಣ ಚರ್ಮದವರಿಗೆ ಎರಡನೆಯದೇ ಸರಿ ಎನ್ನಲು ಇಲ್ಲಿ ಹಿಂಜರಿಕೆಗೆ ಕಾರಣವಿಲ್ಲ. ಎಣ್ಣೆ ಜಿನುಗುವ ಚರ್ಮದವರಿಗೆ ಎರಡೂ ಒಗ್ಗದಿರಬಹುದು. ಅವರು ಪೆಟ್ರೊಲೇಟಮ್ ಇಲ್ಲದ, ಡೈಮೆಥಿಕೋನ್ ಇರುವ ಜೆಲ್ ಮಾದರಿಯ ಮೂರನೆಯ ಡಬ್ಬಿಯನ್ನು ಹುಡುಕಬೇಕು.

ಶೇಕಡಾವಾರು ಬರೆದಿದ್ದರೆ

ಸೀರಮ್‌ಗಳ ಮುಂಬದಿಯಲ್ಲಿ ಈಗ ಶೇಕಡಾವಾರು ಬರೆಯುವುದು ರೂಢಿಯಾಗಿದೆ. ಇದು ಒಳ್ಳೆಯದೇ, ಆದರೆ ದೊಡ್ಡ ಅಂಕಿಯೇ ಒಳ್ಳೆಯ ಅಂಕಿ ಎಂಬ ಭ್ರಮೆಯನ್ನೂ ಅದು ಹುಟ್ಟಿಸಿದೆ. ನಯಾಸಿನಮೈಡಿನ ಗುಣಗಳನ್ನು ತೋರಿಸಿದ ಅಧ್ಯಯನಗಳು ಹೆಚ್ಚಾಗಿ ಶೇ 2ರಿಂದ 5ರ ಪ್ರಮಾಣದಲ್ಲಿ ನಡೆದಂಥವು. ಶೇ 10 ಇದ್ದರೆ ಫಲ ಇಮ್ಮಡಿಯಾಗುವುದಿಲ್ಲ. ಕೆಲವರಿಗೆ ಕೆಂಪಾಗುವುದು, ತುರಿಸುವುದು ಮಾತ್ರ ಹೆಚ್ಚಾಗುತ್ತದೆ. ಸ್ಯಾಲಿಸಿಲಿಕ್ ಆ್ಯಸಿಡ್ ಮೊಡವೆಗೆ ಶೇ 2ರವರೆಗೆ ಸಾಕು. ಗ್ಲೈಕಾಲಿಕ್ ಆ್ಯಸಿಡ್ ಮನೆಬಳಕೆಗೆ ಶೇ 10ನ್ನು ಮೀರಬಾರದು, ಪಿಎಚ್ (ಆಮ್ಲ-ಕ್ಷಾರದ ಅಳತೆ) 3.5ಕ್ಕಿಂತ ಕೆಳಗಿರಬಾರದು.

ವಿಟಮಿನ್ ಸಿ ವಿಷಯದಲ್ಲಿ ಅಂಕಿಯ ಜೊತೆಗೆ ರೂಪವನ್ನೂ ನೋಡಬೇಕು. ಪಟ್ಟಿಯಲ್ಲಿ ಆಸ್ಕಾರ್ಬಿಕ್ ಆ್ಯಸಿಡ್ ಎಂದಿದ್ದರೆ ಅದು ಮೂಲರೂಪ. ಶೇ 10ರಿಂದ 20ರ ನಡುವೆ, ಪಿಎಚ್ 3.5ಕ್ಕಿಂತ ಕೆಳಗಿದ್ದಾಗ ಅದು ಚರ್ಮದೊಳಗೆ ಇಳಿಯುತ್ತದೆ. ಗಾಳಿ ಬೆಳಕು ತಾಕಿದರೆ ಕೆಡುತ್ತದೆ, ಆದ್ದರಿಂದ ಗಾಢ ಬಣ್ಣದ ಸಣ್ಣ ಶೀಶೆಯಲ್ಲಿರಬೇಕು, ಕಂದುಬಣ್ಣಕ್ಕೆ ತಿರುಗಿದ್ದನ್ನು ಎಸೆಯಬೇಕು. ಸೋಡಿಯಂ ಆಸ್ಕಾರ್ಬಿಲ್ ಫಾಸ್ಫೇಟ್, ಆಸ್ಕಾರ್ಬಿಲ್ ಗ್ಲುಕೋಸೈಡ್, ಎಥಿಲ್ ಆಸ್ಕಾರ್ಬಿಕ್ ಆ್ಯಸಿಡ್ ಇವು ಬೇಗ ಕೆಡದ, ಉರಿ ಕಡಿಮೆಯಿರುವ ರೂಪಾಂತರಗಳು. ಇವುಗಳ ಶೇ 10 ಮೂಲರೂಪದ ಶೇ 10ಕ್ಕೆ ಸಮನಲ್ಲ. ಹೆಸರು ಒಂದೇ ಎಂದು ಎರಡು ‘ವಿಟಮಿನ್ ಸಿ’ಗಳ ಬೆಲೆಯನ್ನು ಪಕ್ಕಪಕ್ಕ ಇಟ್ಟು ನೋಡುವುದರಲ್ಲಿ ಅರ್ಥವಿಲ್ಲ.

ವಿಟಮಿನ್ ಎಯ ರೂಪಗಳಾದ ರೆಟಿನಾಯ್ಡ್‌ಗಳಲ್ಲಿಯೂ ಒಂದು ಏಣಿಯಿದೆ. ರೆಟಿನೈಲ್ ಪಾಲ್ಮಿಟೇಟ್ ಕೆಳಗಿನ ಮೆಟ್ಟಿಲು, ಅದರ ಮೇಲೆ ರೆಟಿನಾಲ್, ಆಮೇಲೆ ರೆಟಿನಾಲ್ಡಿಹೈಡ್, ತುದಿಯಲ್ಲಿ ರೆಟಿನೋಯಿಕ್ ಆ್ಯಸಿಡ್. ಕೆಳಗಿನದು ಚರ್ಮದಲ್ಲಿ ಹಂತಹಂತವಾಗಿ ಮೇಲಿನದಾಗಿ ಮಾರ್ಪಟ್ಟ ನಂತರವೇ ಕೆಲಸ ಮಾಡುವುದರಿಂದ, ಪಾಲ್ಮಿಟೇಟ್ ರೂಪ ತೀರ ಮೆತುವು. ತುದಿಯ ಮೆಟ್ಟಿಲು ಟ್ರೆಟಿನಾಯಿನ್ ಎಂಬ ಹೆಸರಿನ ಔಷಧ, ಅದಕ್ಕೆ ವೈದ್ಯರ ಚೀಟಿ ಬೇಕು. ಐರೋಪ್ಯ ಒಕ್ಕೂಟವು 2024ರಲ್ಲಿ ಮುಖದ ಪ್ರಸಾಧನಗಳಲ್ಲಿ ರೆಟಿನಾಲನ್ನು ಶೇ 0.3ಕ್ಕೆ ಮಿತಿಗೊಳಿಸಿತು, ಶೇ 1 ಎಂದು ಹೆಮ್ಮೆಯಿಂದ ಬರೆದ ಶೀಶೆಯನ್ನು ಕೈಗೆತ್ತಿಕೊಂಡಾಗ ಈ ಅಂಕಿ ನೆನಪಿನಲ್ಲಿರಲಿ. ಗರ್ಭಿಣಿಯರು ಈ ಇಡೀ ಗುಂಪನ್ನು ದೂರವಿಡಬೇಕು.

ಸುಗಂಧ, ಸಂರಕ್ಷಕ ಮತ್ತು ‘ನೈಸರ್ಗಿಕ’ ಎಂಬ ಮಾತು

ನೀರಿರುವ ಯಾವ ಕ್ರೀಮಿಗೂ ಸಂರಕ್ಷಕ ಬೇಕೇ ಬೇಕು, ಇಲ್ಲದಿದ್ದರೆ ಬೂಸ್ಟು ಹಿಡಿಯುತ್ತದೆ. ಪ್ಯಾರಾಬೆನ್ ಇಲ್ಲ ಎಂದು ಬರೆದಿದ್ದರೆ ಕೇಳಬೇಕಾದ ಪ್ರಶ್ನೆ, ಅದರ ಬದಲು ಏನಿದೆ ಎಂಬುದು. ಪ್ಯಾರಾಬೆನ್‌ಗಳಿಗೆ ಕೆಟ್ಟ ಹೆಸರು ಬಂದ ವರ್ಷಗಳಲ್ಲಿ ಮೀಥೈಲ್‌ಐಸೊಥಯಾಜೋಲಿನೋನ್ ಎಂಬ ಸಂರಕ್ಷಕದ ಬಳಕೆ ಹೆಚ್ಚಿ, ಅದರೊಂದಿಗೆ ಚರ್ಮದ ಅಲರ್ಜಿಯೂ ಹೆಚ್ಚಿತು. ಅಮೆರಿಕದ ಕಾಂಟ್ಯಾಕ್ಟ್ ಡರ್ಮಟೈಟಿಸ್ ಸೊಸೈಟಿ 2013ರಲ್ಲಿ ಅದನ್ನು ವರ್ಷದ ಅಲರ್ಜಿಕಾರಕವೆಂದು ಹೆಸರಿಸಿತು. 2017ರಿಂದ ಯುರೋಪಿನಲ್ಲಿ, ಚರ್ಮದ ಮೇಲೆ ಹಾಗೇ ಉಳಿಯುವ ಉತ್ಪನ್ನಗಳಲ್ಲಿ ಅದನ್ನು ಬಳಸುವಂತಿಲ್ಲ. ಅದೇ ಸಂಸ್ಥೆ 2019ರಲ್ಲಿ ಪ್ಯಾರಾಬೆನ್‌ಗಳನ್ನು ವರ್ಷದ ಅಲರ್ಜಿಕಾರಕ‘ವಲ್ಲದ್ದು’ ಎಂದು ಕರೆಯಿತು. ಭಯವನ್ನು ಮಾರುವ ಲೇಬಲ್ಲುಗಳಿಗೆ ಇದಕ್ಕಿಂತ ಒಳ್ಳೆಯ ಉತ್ತರ ನನಗೆ ತಿಳಿದಿಲ್ಲ.

ಸುಗಂಧದ ಬಗ್ಗೆ ಮಾತ್ರ ಎಚ್ಚರ ಬೇಕು. ಪರ್ಫ್ಯೂಮ್ ಅಥವಾ ಫ್ರೇಗ್ರೆನ್ಸ್ ಎಂಬ ಒಂದೇ ಹೆಸರಿನಡಿ ಹತ್ತಾರು ರಾಸಾಯನಿಕಗಳಿರಬಹುದು. ಲಿನಲೂಲ್, ಲಿಮೊನೀನ್, ಜೆರಾನಿಯೋಲ್, ಸಿಟ್ರಾಲ್, ಯೂಜಿನಾಲ್ ಎಂಬ ಹೆಸರುಗಳು ಅಲರ್ಜಿಗೆ ಹೆಸರಾದವು, ಇವೆಲ್ಲ ಗಿಡಮೂಲಿಕೆಯ ಎಣ್ಣೆಗಳಲ್ಲೂ ಸಹಜವಾಗಿಯೇ ಇರುತ್ತವೆ. ನೈಸರ್ಗಿಕ ಎಂಬುದು ಹಾಗಾಗಿ ಸುರಕ್ಷತೆಯ ಮುದ್ರೆಯಲ್ಲ. ನಿಂಬೆರಸ ಹಚ್ಚಿಕೊಂಡು ಬಿಸಿಲಿಗೆ ಹೋದವರ ಚರ್ಮ ಸುಟ್ಟಂತಾಗಿ ಕಪ್ಪಾಗುವುದೂ ನೈಸರ್ಗಿಕವೇ.

ಪಟ್ಟಿಯಲ್ಲಿ ಸಸ್ಯಗಳು ಲ್ಯಾಟಿನ್ ಹೆಸರಿನಲ್ಲಿರುತ್ತವೆ: ಕರ್ಕ್ಯುಮಾ ಲಾಂಗಾ ಅರಿಶಿನ, ಸ್ಯಾಂಟಲಮ್ ಆಲ್ಬಮ್ ಶ್ರೀಗಂಧ, ಗ್ಲೈಸಿರೈಜಾ ಗ್ಲಾಬ್ರಾ ಜ್ಯೇಷ್ಠಮಧು. ಕೊರಿಯಾದಿಂದ ಬರುವ ದುಬಾರಿ ‘ಸಿಕಾ’ ಕ್ರೀಮುಗಳ ಸೆಂಟೆಲಾ ಏಷಿಯಾಟಿಕಾ ನಾವು ತಂಬುಳಿ ಮಾಡುವ ಒಂದೆಲಗವೇ. ಆಯುರ್ವೇದದ ಪರವಾನಗಿಯಡಿ ತಯಾರಾದ ಕ್ರೀಮುಗಳ ಲೇಬಲ್ ಬೇರೆ ಬಗೆಯದು: ಪ್ರತಿ 10 ಗ್ರಾಂನಲ್ಲಿ ಯಾವ ಮೂಲಿಕೆ ಎಷ್ಟು ಮಿಲಿಗ್ರಾಂ ಎಂದು ಅಲ್ಲಿ ಅಂಕಿಯೇ ಸಿಗುತ್ತದೆ. ಆದರೆ ಕೊನೆಯಲ್ಲಿ ಕ್ರೀಮ್ ಬೇಸ್, ಕ್ಯೂಎಸ್ (ಬೇಕಾದಷ್ಟು) ಎಂದು ಬರೆದು ಮುಗಿಸಿದ್ದರೆ ಡಬ್ಬಿಯ ಬಹುಭಾಗ ಏನೆಂಬುದು ತಿಳಿಯದೇ ಉಳಿಯುತ್ತದೆ. ಅಲರ್ಜಿ ಇರುವವರಿಗೆ ಇದು ಸಣ್ಣ ಕೊರತೆಯಲ್ಲ.

ಸಾಬೂನು

ಇಲ್ಲಿ ನೋಡಬೇಕಾದದ್ದು ಟಿಎಫ್‌ಎಂ, ಅಂದರೆ ಒಟ್ಟು ಕೊಬ್ಬಿನಂಶ. ಭಾರತೀಯ ಮಾನಕದಂತೆ ಟಾಯ್ಲೆಟ್ ಸೋಪುಗಳಲ್ಲಿ ಮೊದಲ ದರ್ಜೆಗೆ ಕನಿಷ್ಠ ಶೇ 76, ಎರಡನೆಯದಕ್ಕೆ 70, ಮೂರನೆಯದಕ್ಕೆ 60 ಇರಬೇಕು. ಬೇದಿಂಗ್ ಬಾರ್ ಎಂದು ಬರೆದಿರುವುದು ಈ ಲೆಕ್ಕಕ್ಕೇ ಸೇರುವುದಿಲ್ಲ. ದರ್ಜೆ ಹೆಚ್ಚಿದ್ದರೂ ಸಾಬೂನಿನ ಪಿಎಚ್ 9ರಿಂದ 10ರಷ್ಟು, ಚರ್ಮದ್ದು ಸುಮಾರು 5. ಗಡಸು ನೀರಿನವರೂ ಒಣ ಚರ್ಮದವರೂ ಸೋಡಿಯಂ ಕೊಕೊಯ್ಲ್ ಐಸೆಥಿಯೊನೇಟ್ ಅಥವಾ ಕೊಕಮಿಡೊಪ್ರೊಪೈಲ್ ಬೀಟೇನ್ ಇರುವ, ಸಾಬೂನಲ್ಲದ ಕ್ಲೆನ್ಸರುಗಳನ್ನು ಹೋಲಿಕೆಗೆ ತೆಗೆದುಕೊಳ್ಳುವುದು ಒಳಿತು.

ಸನ್‌ಸ್ಕ್ರೀನ್

ಸುಮಾರು 900 ಮೀಟರ್ ಎತ್ತರದ ಬೆಂಗಳೂರಿನ ತಂಪು ಹವೆ ಬಿಸಿಲಿನ ನೇರಳಾತೀತ ಕಿರಣಗಳನ್ನು ಕಡಿಮೆ ಮಾಡುವುದಿಲ್ಲ. ಎಸ್‌ಪಿಎಫ್ 30 ಚರ್ಮವನ್ನು ಸುಡುವ ಯುವಿಬಿ ಕಿರಣಗಳಲ್ಲಿ ಸುಮಾರು ಶೇ 97ನ್ನು, 50 ಸುಮಾರು ಶೇ 98ನ್ನು ತಡೆಯುತ್ತವೆ. ಈ ಅಂತರಕ್ಕೆ ಇಮ್ಮಡಿ ಬೆಲೆ ಕೊಡಬೇಕಾಗಿಲ್ಲ. ಚರ್ಮವನ್ನು ಕಪ್ಪಾಗಿಸುವ ಯುವಿಎ ಕಿರಣಕ್ಕೆ ಪಿಎ ಗುರುತಿನ ಮುಂದಿನ ಪ್ಲಸ್‌ಗಳನ್ನು ಎಣಿಸಬೇಕು, ನಾಲ್ಕಿದ್ದರೆ ಉತ್ತಮ. ಪಟ್ಟಿಯಲ್ಲಿ ಜಿಂಕ್ ಆಕ್ಸೈಡ್ ಅಥವಾ ಡೈಈಥೈಲಮಿನೊ ಹೈಡ್ರಾಕ್ಸಿಬೆಂಜಾಯ್ಲ್ ಹೆಕ್ಸೈಲ್ ಬೆಂಜೊಯೇಟ್ ಇದ್ದರೆ ಯುವಿಎ ರಕ್ಷಣೆ ಇದೆಯೆಂದು ತಿಳಿಯಬಹುದು. ಆವೊಬೆಂಜೋನ್ ಕೂಡ ಒಳ್ಳೆಯದೇ, ಆದರೆ ಬೆಳಕಿನಲ್ಲಿ ಒಡೆದುಹೋಗುವಂಥದ್ದು. ಆಕ್ಟೊಕ್ರಿಲೀನ್ ಜೊತೆಗಿದ್ದರೆ ನಿಲ್ಲುತ್ತದೆ, ಆಕ್ಟಿನಾಕ್ಸೇಟ್ ಜೊತೆಗಿದ್ದರೆ ಇನ್ನೂ ಬೇಗ ಒಡೆಯುತ್ತದೆ. ಪಟ್ಟಿಯಲ್ಲಿ ಆವೊಬೆಂಜೋನ್ ಬ್ಯುಟೈಲ್ ಮೆಥಾಕ್ಸಿಡೈಬೆಂಜಾಯ್ಲ್‌ಮೀಥೇನ್ ಎಂದೂ, ಆಕ್ಟಿನಾಕ್ಸೇಟ್ ಎಥೈಲ್‌ಹೆಕ್ಸೈಲ್ ಮೆಥಾಕ್ಸಿಸಿನ್ನಮೇಟ್ ಎಂದೂ ಇರುತ್ತವೆ.

ಹೋಲಿಸದೆ ಕೆಳಗಿಡಬೇಕಾದವು

ಬೆಳ್ಳಗಾಗಿಸುವ ಕ್ರೀಮೆಂದು ಕೈಗೆ ಕೊಟ್ಟ ಟ್ಯೂಬಿನಲ್ಲಿ ಮೊಮೆಟಾಸೋನ್, ಬೀಟಾಮೆಥಾಸೋನ್, ಕ್ಲೊಬೆಟಾಸಾಲ್ ಎಂಬ ಹೆಸರಿದ್ದರೆ ಅದು ಸ್ಟೀರಾಯ್ಡ್ ಔಷಧ. ವೈದ್ಯರ ನಿಗಾ ಇಲ್ಲದೆ ಮುಖಕ್ಕೆ ಹಚ್ಚುತ್ತ ಹೋದರೆ ಚರ್ಮ ತೆಳುವಾಗಿ, ಕೆಂಪು ರಕ್ತನಾಳಗಳು ಕಾಣಿಸಿಕೊಂಡು, ನಿಲ್ಲಿಸಿದೊಡನೆ ಉರಿ ಹೆಚ್ಚುತ್ತದೆ. ಮರ್ಕ್ಯುರಿ, ಕ್ಯಾಲೊಮೆಲ್, ಮರ್ಕ್ಯುರಸ್ ಕ್ಲೋರೈಡ್ ಇವು ಪಾದರಸದ ಹೆಸರುಗಳು. ಪಾದರಸವಿರುವ ಕ್ರೀಮುಗಳಲ್ಲಿ ಹೆಚ್ಚಿನವು ಅದನ್ನು ಬರೆಯುವುದೇ ಇಲ್ಲ, ಹಾಗಾಗಿ ಪಟ್ಟಿಯೂ ತಯಾರಕರ ವಿಳಾಸವೂ ಇಲ್ಲದ, ಕೆಲವೇ ದಿನಗಳಲ್ಲಿ ಬಣ್ಣ ಬದಲಿಸುವ ಕ್ರೀಮೇ ಅನುಮಾನಕ್ಕೆ ಸಾಕು. ಇಂಥ ಕ್ರೀಮುಗಳಿಂದ ಮೂತ್ರಪಿಂಡ ಕೆಟ್ಟ ರೋಗಿಗಳು 2023ರಲ್ಲಿ ಕೇರಳದ ಮಲಪ್ಪುರಂ ಜಿಲ್ಲೆಯಲ್ಲಿ ಪತ್ತೆಯಾಗಿದ್ದರು.

ಕೊಂಡ ಮೇಲಿನ ಪರೀಕ್ಷೆ

ಪಟ್ಟಿಯ ಓದು ಆಯ್ಕೆಯನ್ನು ಒಂದೆರಡಕ್ಕೆ ಇಳಿಸುತ್ತದೆ, ಉಳಿದದ್ದನ್ನು ಚರ್ಮವೇ ಹೇಳಬೇಕು. ಹೊಸದನ್ನು ಮುಖಕ್ಕೆ ಹಚ್ಚುವ ಮೊದಲು ಮೊಣಕೈಯ ಒಳಬದಿಯ ಒಂದೇ ಜಾಗಕ್ಕೆ ದಿನಕ್ಕೆರಡು ಸಲ, ಒಂದು ವಾರ ಹಚ್ಚಿ ನೋಡಬೇಕು. ಒಂದೇ ಸಲ ಹಚ್ಚಿ ಮರುದಿನ ನೋಡಿದರೆ ನಿಧಾನವಾಗಿ ಏಳುವ ಅಲರ್ಜಿ ಕಣ್ತಪ್ಪಿಸುತ್ತದೆ. ಫೇಸ್‌ವಾಶನ್ನು ಹೀಗೆ ಹಚ್ಚಿ ಬಿಡಬಾರದು, ತೊಳೆಯಬೇಕು. ಎರಡು ಹೊಸ ಉತ್ಪನ್ನಗಳನ್ನು ಒಟ್ಟಿಗೆ ಆರಂಭಿಸಬಾರದು, ಏಕೆಂದರೆ ತುರಿಕೆ ಬಂದರೆ ಯಾವುದರಿಂದ ಎಂದು ತಿಳಿಯುವುದಿಲ್ಲ.

ತುರಿಕೆ, ಊತ, ಗುಳ್ಳೆ ಕಂಡರೆ ನಿಲ್ಲಿಸಿ, ರಟ್ಟಿನ ಪೆಟ್ಟಿಗೆಯನ್ನು ಎಸೆಯದೆ ಇಟ್ಟುಕೊಳ್ಳಬೇಕು. ವಿಕ್ಟೋರಿಯಾ, ಬೌರಿಂಗ್ ಆಸ್ಪತ್ರೆಗಳಲ್ಲಿ ಚರ್ಮರೋಗ ವಿಭಾಗಗಳಿವೆ; ಅಲ್ಲಾಗಲಿ ತಮ್ಮ ಚರ್ಮವೈದ್ಯರಲ್ಲಾಗಲಿ ಹೋಗುವಾಗ ಆ ಪೆಟ್ಟಿಗೆಯನ್ನೂ, ಒಗ್ಗದ ಹಳೆಯ ಉತ್ಪನ್ನಗಳಿದ್ದರೆ ಅವುಗಳ ಪಟ್ಟಿಯ ಫೋಟೊಗಳನ್ನೂ ಒಯ್ಯಬೇಕು. ಒಗ್ಗದ ಎಲ್ಲ ಪಟ್ಟಿಗಳಲ್ಲಿದ್ದು ಒಗ್ಗಿದ ಪಟ್ಟಿಗಳಲ್ಲಿ ಇಲ್ಲದ ಹೆಸರು ಯಾವುದು ಎಂದು ನೋಡುವುದೇ ಎಲ್ಲ ಹೋಲಿಕೆಗಳಲ್ಲಿ ಹೆಚ್ಚು ಉಪಯೋಗದ್ದು. ಅದರಿಂದಲೂ ಸುಳಿವು ಸಿಗದಿದ್ದರೆ ಬೆನ್ನಿನ ಮೇಲೆ ಸಂಶಯದ ಪದಾರ್ಥಗಳನ್ನು 48 ಗಂಟೆ ಅಂಟಿಸಿಟ್ಟು ನೋಡುವ ಪ್ಯಾಚ್ ಟೆಸ್ಟನ್ನು ವೈದ್ಯರು ಮಾಡಿಸುತ್ತಾರೆ. ಅದರಲ್ಲಿ ಹೊರಬಿದ್ದ ಹೆಸರುಗಳನ್ನು ಫೋನಿನಲ್ಲಿ ಬರೆದಿಟ್ಟುಕೊಂಡು, ಮುಂದೆ ಯಾವ ಡಬ್ಬಿ ಕೊಳ್ಳುವಾಗಲೂ ಮೊದಲು ಅವುಗಳನ್ನೇ ಹುಡುಕಬೇಕು. ಲೇಬಲ್ಲಿನಲ್ಲಿ ಸುಳ್ಳು ಇದೆಯೆಂದು ಕಂಡುಬಂದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ, ಬ್ಯಾಚ್ ಸಂಖ್ಯೆ ಮತ್ತು ಬಿಲ್ಲಿನೊಂದಿಗೆ ದೂರು ಕೊಡಬಹುದು.